ರಾಯಚೂರಿನ ಮನೆಯಲ್ಲೇ ಕತ್ತಲೆ ಊಟ: ಕಿಟಕಿ ಮುಚ್ಚುವುದರಿಂದ ಅಗುಳು ಗುಡಿಸುವವರೆಗೆ

ಕತ್ತಲೆಯಲ್ಲಿ ಊಟ ಮಾಡುವುದು ಸುಲಭ. ಕತ್ತಲೆ ಮಾಡುವುದೇ ಕಷ್ಟ. ಮೊದಲ ಸಲ ನಾವು ದೀಪ ಆರಿಸಿ, ಪರದೆ ಎಳೆದು, ಆರು ಜನ ಸಾಲಾಗಿ ಕೂತೆವು. ಹತ್ತು ನಿಮಿಷ ಆಗಿರಲಿಲ್ಲ. ತಮ್ಮ ಹೇಳಿದ: "ಅಣ್ಣಾ, ನಿನ್ನ ತಾಟಿನ್ಯಾಗ ಇನ್ನೂ ಎರಡು ಬದನಿಕಾಯಿ ಅದಾವ ನೋಡು." ಮೂಲೆಯಲ್ಲಿದ್ದ ಸೊಳ್ಳೆ ಮಷಿನ್ನಿನ ಕೆಂಪು ಚುಕ್ಕೆ ಅವನಿಗೆ ಸಾಕಾಗಿತ್ತು.

ಅದೂ ಸೇರಿ ಇಲ್ಲಿಯವರೆಗೆ ಮೂರು ಸಲ ಮಾಡಿದ್ದೇವೆ. ಎರಡನೆಯದೂ ಕೆಟ್ಟಿತು, ಮೂರನೆಯದು ಸರಿ ಹೋಯಿತು. ನೀವು ಮೂರನೆಯದರಿಂದಲೇ ಶುರು ಮಾಡಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಇದು ಎಲ್ಲಿಯ ಪದ್ಧತಿ

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸ್ಪೀಲ್‌ಮನ್ ಎಂಬ ಕಣ್ಣು ಕಾಣದ ಪಾದ್ರಿಯೊಬ್ಬರಿದ್ದರು. ಮನೆಗೆ ಬಂದ ಅತಿಥಿಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವರ ಜೊತೆ ಊಟ ಮಾಡುತ್ತಿದ್ದರು. ಆ ಊಟವೇ ಬೆಳೆದು 1999ರ ಸೆಪ್ಟೆಂಬರಿನಲ್ಲಿ ಹೋಟೆಲ್ ಆಯಿತು. ಹೆಸರು ಬ್ಲಿಂಡೆಕೂ. ಆ ಕಡೆಯ ಮಕ್ಕಳು ಕಣ್ಣು ಕಟ್ಟಿಕೊಂಡು ಒಬ್ಬರನ್ನೊಬ್ಬರು ಹಿಡಿಯುವ ಆಟಕ್ಕೆ ಇರುವ ಹೆಸರೇ ಅದು. ನಮ್ಮ ಕಣ್ಣಾಮುಚ್ಚಾಲೆ ಇದ್ದ ಹಾಗೆ ಅನ್ನಿ. 2004ರಲ್ಲಿ ಪ್ಯಾರಿಸ್‌ನಲ್ಲಿ ಡಾನ್ ಲ ನ್ವಾರ್ ಶುರುವಾಯಿತು, 2006ರಲ್ಲಿ ಅದೇ ಲಂಡನ್ನಿಗೂ ಹೋಯಿತು. ಇವುಗಳಿಗಿಂತ ಮುಂಚೆ, 1988ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಂಡ್ರಿಯಾಸ್ ಹೈನೆಕೆ ಎಂಬುವರು 'ಡೈಲಾಗ್ ಇನ್ ದಿ ಡಾರ್ಕ್' ಎಂಬ ಕತ್ತಲೆಯ ಪ್ರದರ್ಶನ ಆರಂಭಿಸಿದ್ದರು. ಅದರಲ್ಲಿ ದಾರಿ ತೋರಿಸುವವರು ಕಣ್ಣು ಕಾಣದವರೇ. ಇದೇ 'ಡೈಲಾಗ್ ಇನ್ ದಿ ಡಾರ್ಕ್' ಹೈದರಾಬಾದಿನ ಇನಾರ್ಬಿಟ್ ಮಾಲ್‌ಗೂ ಬಂತು. ಜೊತೆಗೆ 'ಟೇಸ್ಟ್ ಆಫ್ ಡಾರ್ಕ್‌ನೆಸ್' ಎಂಬ ಊಟದ ಮನೆ.

ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಸುಮಾರು 200 ಕಿಲೋಮೀಟರ್. ಹೊರಡುವ ಮುಂಚೆ ಫೋನ್ ಮಾಡಿ ದಿನ, ಹೊತ್ತು, ಸೀಟು ಖಚಿತ ಮಾಡಿಕೊಳ್ಳಿ. ಇಂಥ ಎಲ್ಲ ಹೋಟೆಲುಗಳಲ್ಲೂ ಕ್ರಮ ಹೆಚ್ಚುಕಡಿಮೆ ಒಂದೇ. ಫೋನು, ವಾಚು, ಕೈಚೀಲ ಹೊರಗೆ ಲಾಕರ್‌ನಲ್ಲಿ. ಸಸ್ಯಾಹಾರವೋ ಮಾಂಸಾಹಾರವೋ, ಏನಾದರೂ ಆಗಿಬರುವುದಿಲ್ಲವೋ ಎಂದು ಬೆಳಕಿನಲ್ಲೇ ಕೇಳುತ್ತಾರೆ. ತಿನಿಸಿನ ಹೆಸರು ಮಾತ್ರ ಹೇಳುವುದಿಲ್ಲ. ಆಮೇಲೆ ಕಣ್ಣು ಕಾಣದ ಒಬ್ಬರು ಬರುತ್ತಾರೆ. ಅವರ ಹೆಗಲ ಮೇಲೆ ಒಬ್ಬರ ಕೈ, ಅವರ ಹೆಗಲ ಮೇಲೆ ಇನ್ನೊಬ್ಬರ ಕೈ. ರೈಲಿನ ಡಬ್ಬಿಗಳ ಹಾಗೆ ಒಳಗೆ ಹೋಗುತ್ತೀರಿ. ಬಾತ್‌ರೂಮಿಗೆ ಹೋಗಬೇಕಾದರೂ ಅವರನ್ನೇ ಕರೆಯಬೇಕು. ಹೋಗುವವರಿಗೆ ನನ್ನದು ಎರಡೇ ಮಾತು. ಬಿಳಿ ಬಟ್ಟೆ ಬೇಡ. ಮತ್ತೆ ಸುಮ್ನೆ ಚಮಚದ ಜೊತೆ ಗುದ್ದಾಡಬೇಡಿ, ಕೈಯಲ್ಲೇ ತಿನ್ನಿ.

ಈ ಕೈಯ ವಿಷಯವೇ ನನ್ನನ್ನು ಮನೆಯಲ್ಲಿ ಮಾಡಲು ಹಚ್ಚಿದ್ದು. ಮುಳ್ಳು ಚಮಚ ಹಿಡಿದವರಿಗೆ ಕತ್ತಲೆ ಅಂದರೆ ಪರದಾಟ. ತುದಿಯಲ್ಲಿ ಏನಾದರೂ ಸಿಕ್ಕಿತೋ ಇಲ್ಲವೋ ಬಾಯಿಗೆ ಬಂದ ಮೇಲೆಯೇ ಗೊತ್ತಾಗುವುದು. ರೊಟ್ಟಿ ಮುರಿದು ಪಲ್ಯ ಎತ್ತುವ ಕೈಗೆ ಆ ಕಷ್ಟ ಇಲ್ಲ. ಬಿಸಿಯೋ ತಣ್ಣಗೋ, ಮೆತ್ತಗೋ ಗಟ್ಟಿಯೋ, ಬಾಯಿಗಿಂತ ಮುಂಚೆ ಬೆರಳಿಗೆ ತಿಳಿದಿರುತ್ತದೆ. ನಮ್ಮ ಕಡೆಯ ಊಟ ಕತ್ತಲೆಗೆ ಹೇಳಿ ಮಾಡಿಸಿದ ಊಟ. ಅದನ್ನು ಉಣ್ಣಲು ಹೈದರಾಬಾದಿಗೆ ಯಾಕೆ ಹೋಗಬೇಕು, ಅಲ್ವಾ?

ದಿನ ಮತ್ತು ಕೋಣೆ

ಡಿಸೆಂಬರ್ ಅಥವಾ ಜನವರಿ ಹಿಡಿಯಿರಿ. ನಮ್ಮೂರ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆರು ಜನ ಕೂತರೆ ಊಟ ಬದಿಗಿರಲಿ, ಉಸಿರಾಡುವುದೇ ಸಾಕಾಗುತ್ತದೆ. ಅಮಾವಾಸ್ಯೆಯ ಆಸುಪಾಸು ಆದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಹಿರಿಯರಿದ್ದರೆ ಅಮಾವಾಸ್ಯೆಯ ದಿನವನ್ನೇ ಇಡಬೇಡಿ, ಆ ಮಾತುಕತೆ ಬೇರೆಯೇ ಆಗುತ್ತದೆ.

ಹಿರಿಯರ ವಿಷಯ ಬಂತು, ಹೇಳಿಬಿಡುತ್ತೇನೆ. ಉಣ್ಣುವಾಗ ದೀಪ ಆರಿದರೆ ತುತ್ತು ಎತ್ತಬಾರದು, ಮತ್ತೆ ದೀಪ ಹಚ್ಚುವ ತನಕ ಕೈ ತಡೆಯಬೇಕು ಎಂಬ ಪದ್ಧತಿ ಅನೇಕ ಮನೆಗಳಲ್ಲಿದೆ. ನಮ್ಮ ಅವ್ವ ಅದನ್ನು ಬಿಡುವವಳಲ್ಲ. ಜಗಳಕ್ಕೆ ಹೋಗಲಿಲ್ಲ. ಅವಳು ಏಳು ಗಂಟೆಗೇ ಬೆಳಕಿನಲ್ಲಿ ಊಟ ಮುಗಿಸಿ, ಬಾಗಿಲ ಹೊರಗೆ ಬ್ಯಾಟರಿ ಹಿಡಿದು ಕೂತಳು. ಹೊರಗೆ ಒಬ್ಬರು ಕಾಯುವವರು ಹೇಗೂ ಬೇಕೇ ಬೇಕು. ಆ ಕೆಲಸಕ್ಕೆ ಅವಳಿಗಿಂತ ಗಟ್ಟಿ ಆಳು ಸಿಗುವುದಿಲ್ಲ.

ಕೋಣೆ ಸಣ್ಣದಿರಲಿ. ಒಂದೇ ಬಾಗಿಲು, ಒಂದೇ ಕಿಟಕಿ ಇದ್ದರೆ ಕೆಲಸ ಅರ್ಧ ಮುಗಿದಂತೆ. ಪಡಸಾಲೆ ಬೇಡ, ಅದಕ್ಕೆ ನಾಲ್ಕು ಕಡೆ ಬೆಳಕಿನ ದಾರಿ. ಕೋಣೆಯೊಳಗಿನ ಟೀಪಾಯಿ, ಸ್ಟೂಲು, ಹೂದಾನಿ ಎಲ್ಲ ಹೊರಗೆ ಹಾಕಿ. ನೆಲದಲ್ಲಿ ವೈರು ಇರಬಾರದು.

ಕಿಟಕಿ ಮುಚ್ಚುವುದು

ಪರದೆ ಬಟ್ಟೆ ನಂಬಬೇಡಿ. ಎರಡು ಪದರ ಹಾಕಿದರೂ ಬೀದಿ ದೀಪ ಅದರ ಅಂಚಿನಿಂದ ಒಳಗೆ ಬರುತ್ತದೆ. ನಾನು ದಪ್ಪ ರಟ್ಟು ಅಂಟಿಸಿ ನೋಡಿದೆ, ಸಂದು ಉಳಿಯಿತು. ಕೊನೆಗೆ ಕೆಲಸ ಮಾಡಿದ್ದು ಮಲ್ಚಿಂಗ್ ಶೀಟು. ಮೆಣಸಿನಕಾಯಿ, ಕಲ್ಲಂಗಡಿ ಬದುವಿಗೆ ಹಾಸುತ್ತಾರಲ್ಲ, ಒಂದು ಕಡೆ ಬೆಳ್ಳಿ ಬಣ್ಣ, ಇನ್ನೊಂದು ಕಡೆ ಕಪ್ಪು, ಅದೇ. ಕಳೆಗೆ ಬೆಳಕು ಸಿಗದಂತೆ ಮಾಡುವುದೇ ಅದರ ಕೆಲಸ. ಕಿಟಕಿಗೂ ನಮಗೆ ಬೇಕಾದದ್ದು ಅದೇ ತಾನೇ! ಮಾವನ ಹೊಲದಲ್ಲಿ ಬಳಸದೆ ಉಳಿದಿದ್ದ ಒಂದು ತುಂಡು ತಂದೆ. ಊರಲ್ಲಿ ಯಾರ ಹೊಲದಲ್ಲಾದರೂ ಇರುತ್ತದೆ, ರೋಲ್ ಕೊಳ್ಳುವ ಅಗತ್ಯ ಇಲ್ಲ.

ಶೀಟನ್ನು ಎರಡು ಮಡಿಕೆ ಮಾಡಿ, ಕಪ್ಪು ಮುಖ ಕೋಣೆಯ ಕಡೆ ಇರುವಂತೆ, ಚೌಕಟ್ಟಿಗಿಂತ ಒಂದು ಗೇಣು ಹೊರಗೆ ಚಾಚುವಂತೆ ಅಂಟಿಸಿ. ಅಂಟಿಸಲು ಪೇಂಟರುಗಳು ಬಳಸುವ ಕಾಗದದ ಟೇಪು ತನ್ನಿ. ಕಂದು ಪ್ಯಾಕಿಂಗ್ ಟೇಪು ಹಚ್ಚಿದರೆ ಕೀಳುವಾಗ ಗೋಡೆಯ ಬಣ್ಣವೂ ಅದರ ಜೊತೆ ಬರುತ್ತದೆ. ಹೊಸ ಶೀಟಾದರೆ ಒಂದು ದಿನ ಬಿಸಿಲಿಗೆ ಹರವಿಡಿ, ಪ್ಲಾಸ್ಟಿಕ್ ವಾಸನೆ ಹೋಗಲಿ. ಕತ್ತಲೆಯಲ್ಲಿ ಮೂಗಿಗೆ ಬೇರೆ ಕೆಲಸ ಇರುತ್ತದೆ.

ಬಾಗಿಲಿಗೆ ಶೀಟು ಹಚ್ಚಲೇಬೇಡಿ. ಏನಾದರೂ ಆದರೆ ಎಲ್ಲರೂ ಹೊರಗೆ ಓಡಬೇಕಾದ ದಾರಿ ಅದು. ಅಲ್ಲಿ ಕೌದಿ ಕಟ್ಟಿ. ಬಾಗಿಲ ಒಳಗೊಂದು, ಹೊರಗೆ ನಾಲ್ಕು ಹೆಜ್ಜೆ ಬಿಟ್ಟು ಇನ್ನೊಂದು. ಒಂದನ್ನು ಸರಿಸಿ ನಡುವೆ ಬಂದು, ಅದು ಬಿದ್ದ ಮೇಲೆ ಇನ್ನೊಂದನ್ನು ಸರಿಸಿದರೆ ತಾಟು ತರುವಾಗ ಬೆಳಕು ಒಳಗೆ ಬರುವುದಿಲ್ಲ. ಅಜ್ಜಿ ಕಾಲದ ದಪ್ಪ ಕೌದಿಯಲ್ಲಿ ಒಂದು ಸೂಜಿ ತೂತಿನಷ್ಟೂ ಬೆಳಕು ತೂರುವುದಿಲ್ಲ. ಬಾಗಿಲ ಚಿಲಕ ಹಾಕಬೇಡಿ.

ಚುಕ್ಕೆ ದೀಪಗಳ ಬೇಟೆ

ಕಿಟಕಿಗಿಂತ ಜಾಸ್ತಿ ಹೊತ್ತು ಹಿಡಿಯುವುದು ಇದೇ. ನಮ್ಮ ಒಂದು ಕೋಣೆಯಲ್ಲಿ ನಾನು ಹಿಡಿದದ್ದು: ಸ್ವಿಚ್ ಬೋರ್ಡಿನ ಕೆಂಪು ಇಂಡಿಕೇಟರು, ಟಿವಿಯ ಚುಕ್ಕೆ, ವೈಫೈ ಡಬ್ಬಿಯ ಹಸಿರು ಸಾಲು, ಎಸಿಯ ಮೇಲಿನ ಅಂಕಿ, ಸೊಳ್ಳೆ ಮಷಿನ್ನು, ಗೋಡೆ ಗಡಿಯಾರದ ರೇಡಿಯಂ ಮುಳ್ಳು, ಮಗಳು ಚಾವಣಿಗೆ ಅಂಟಿಸಿದ್ದ ಹೊಳೆಯುವ ನಕ್ಷತ್ರಗಳು. ಕಿತ್ತು ಹಾಕಬಹುದಾದ್ದನ್ನು ಕಿತ್ತುಹಾಕಿ. ಉಳಿದದ್ದಕ್ಕೆ ಕಪ್ಪು ಇನ್ಸುಲೇಷನ್ ಟೇಪು ಎರಡು ಪದರ. ಎಸಿಯ ಅಂಕಿ ಆರಿಸಲು ಬಹಳಷ್ಟು ರಿಮೋಟುಗಳಲ್ಲೇ ಒಂದು ಗುಂಡಿ ಇರುತ್ತದೆ.

ಎರಡನೆಯ ಸಲ ನಾವು ಸೋತದ್ದು ಹೇಳುತ್ತೇನೆ. ಎಲ್ಲ ಮುಚ್ಚಿದ್ದೆವು, ಊಟ ಚೆನ್ನಾಗಿ ಸಾಗಿತ್ತು. ಕರೆಂಟ್ ಹೋಯಿತು. ಗೋಡೆಗೆ ಸಿಕ್ಕಿಸಿಟ್ಟಿದ್ದ ಚಾರ್ಜಿಂಗ್ ಲೈಟು ತನ್ನ ಧರ್ಮ ಪಾಲಿಸಿ ಫಕ್ಕನೆ ಹತ್ತಿಕೊಂಡಿತು. ಶಕ್ತಿನಗರದ ಥರ್ಮಲ್ ಸ್ಥಾವರದಲ್ಲಿ 1985ರಿಂದ ಕರೆಂಟ್ ಹುಟ್ಟುತ್ತಿದೆ, ಈಗ ಅದು 1720 ಮೆಗಾವ್ಯಾಟಿನದು. ಅಂಥ ಜಿಲ್ಲೆಯಲ್ಲಿ ಕತ್ತಲೆ ಊಟವನ್ನು ಕೆಡಿಸಿದ್ದು ಕರೆಂಟ್ ಹೋದದ್ದು! ಆರು ಜನರ ಮುಖ, ಅಂಗಿ, ಗಡ್ಡ ಎಲ್ಲ ಬಯಲಾಯಿತು. ಹಾಗಾಗಿ ಕರೆಂಟ್ ಹೋದಾಗ ತಾನಾಗಿ ಹತ್ತುವ ಯಾವ ವಸ್ತುವೂ ಕೋಣೆಯಲ್ಲಿ ಇರಬಾರದು. ಸಂಜೆ ಒಮ್ಮೆ ಮೇನ್ ಸ್ವಿಚ್ ಇಳಿಸಿ ನೋಡಿಬಿಡಿ.

ಪರೀಕ್ಷೆ

ಎರಡು ಸಲ ಮಾಡಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ, ಸೂಜಿ ತೂತುಗಳು ಆಗ ಸಿಗುತ್ತವೆ. ರಾತ್ರಿ ಎಂಟಕ್ಕೆ ಒಮ್ಮೆ, ಚುಕ್ಕೆ ದೀಪಗಳು ಆಗ ಸಿಗುತ್ತವೆ.

ಎರಡು ನಿಮಿಷ ಕೂತು "ಏನೂ ಕಾಣ್ತಿಲ್ಲ" ಎಂದು ಎದ್ದು ಬರಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಬಣ್ಣ ನೋಡುವ ಕೋಶಗಳು ಸುಮಾರು ಹತ್ತು ನಿಮಿಷದಲ್ಲಿ ತಮ್ಮಿಂದಾದಷ್ಟು ಮಾಡಿ ನಿಲ್ಲುತ್ತವೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳು 20ರಿಂದ 30 ನಿಮಿಷ ಚುರುಕಾಗುತ್ತಲೇ ಹೋಗುತ್ತವೆ. ಬೆಳಕಿಗೆ ಒಡೆದುಹೋಗುವ ರೊಡಾಪ್ಸಿನ್ ಎಂಬ ವಸ್ತು ಅವುಗಳಲ್ಲಿ ಮತ್ತೆ ತುಂಬಿಕೊಳ್ಳುತ್ತಾ ಹೋಗುತ್ತದೆ. ಅಂದರೆ ಊಟ ಶುರುವಾದಾಗ ಕಾಣದ್ದು ಊಟದ ನಡುವೆ ಕಾಣತೊಡಗುತ್ತದೆ. ತಮ್ಮನಿಗೆ ಬದನೆಕಾಯಿ ಕಂಡದ್ದು ಹಾಗೆ. ಅರ್ಧ ಗಂಟೆ ಕೂತು ನೋಡಿ.

ಮುಖದ ಮುಂದೆ ನಿಮ್ಮ ಕೈಯನ್ನೇ ಆಡಿಸಿ ಪರೀಕ್ಷೆ ಮಾಡಬೇಡಿ. ಪೂರ್ತಿ ಕತ್ತಲೆಯಲ್ಲೂ ತಮ್ಮದೇ ಕೈ ಅಲುಗುವುದು ಅನೇಕರಿಗೆ ಕಂಡಂತಾಗುತ್ತದೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಇದನ್ನು ಪ್ರಕಟಿಸಿದರು. ಕೈ ಎಲ್ಲಿದೆ ಎಂದು ಮೆದುಳಿಗೆ ಗೊತ್ತಿರುತ್ತದೆ, ಅದು ಚಿತ್ರ ಕಟ್ಟಿಬಿಡುತ್ತದೆ. ಬೇರೆಯವರ ಕೈ ಆಡಿಸಿ ನೋಡಿ. ಅದು ಕಾಣದಿದ್ದರೆ ಕತ್ತಲೆ ನಿಜವಾದದ್ದು.

ಇಷ್ಟೆಲ್ಲ ಯಾಕೆ, ಕಣ್ಣಿಗೆ ಬಟ್ಟೆ ಕಟ್ಟಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಅರ್ಧ. ಮೂಗಿನ ಪಕ್ಕದಿಂದ ತಾಟು ಕಾಣುತ್ತದೆ, ಬೆವರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಬೇರೆಯವರು ನನ್ನನ್ನು ನೋಡುತ್ತಿರಬಹುದು ಎಂಬ ಸಂಶಯ ಹೋಗುವುದಿಲ್ಲ. ಕತ್ತಲೆ ಕೋಣೆಯಲ್ಲಿ ಆ ಸಂಕೋಚವೇ ಇಲ್ಲ. ನಮ್ಮ ದೊಡ್ಡಪ್ಪ ಬೆರಳು ನೆಕ್ಕಿದ ಸದ್ದು ಜೀವಮಾನದಲ್ಲಿ ಮೊದಲ ಸಲ ಕೇಳಿದ್ದು ಅವತ್ತು.

ಬಡಿಸುವವರು ಯಾರು

ಎರಡು ಸಲ ನಾನೇ ಬಡಿಸಿದೆ. ಒಮ್ಮೆ ಸಾರು ತಮ್ಮನ ತೊಡೆಗೆ, ಒಮ್ಮೆ ಚಟ್ನಿ ನೀರಿನ ಚರಿಗೆಗೆ. ಮೂರನೆಯ ಸಲ ನಮ್ಮ ಓಣಿಯಲ್ಲಿ ಹಾರ್ಮೋನಿಯಂ ಕಲಿಸುವ ಮಾಸ್ತರರನ್ನು ಕೇಳಿದೆ. ಅವರಿಗೆ ಚಿಕ್ಕಂದಿನಿಂದ ಕಣ್ಣು ಕಾಣುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳು ಕಟ್ಟಿ, 2010ರವರೆಗೆ ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮದಲ್ಲಿ ಕಲಿತ ಸಂಗೀತ ಮಾಸ್ತರರು ನಮ್ಮ ಕಡೆ ಊರೂರಲ್ಲಿ ಸಿಗುತ್ತಾರೆ. ಗುರುಗಳಿಬ್ಬರೂ ಕಣ್ಣು ಕಾಣದವರೇ.

ಕೇಳುವುದಕ್ಕೆ ನನಗೆ ಮುಜುಗರ. ಅವರೇ ನಕ್ಕು ಕೇಳಿದರು: "ಯಾಕ ತಮ್ಮಾ, ಕಣ್ಣಿದ್ದವ್ರು ಬಡಿಸಿ ಬಡಿಸಿ ಸಾಕಾಯ್ತೇನು?" ಒಪ್ಪಿದರು. ನೆನಪಿಡಿ, ಇದು ಕೆಲಸ. ಸಂಜೆಯ ಎರಡು ತಾಸಿಗೆ ಏನು ಕೊಡುತ್ತೀರಿ ಎಂದು ಮೊದಲೇ ಮಾತಾಡಿ, ಕವರಿನಲ್ಲಿ ಹಾಕಿ ಕೊಡಿ. ಬಂದ ಅತಿಥಿಗಳು ಅವರನ್ನು ತಮಾಷೆಯ ವಸ್ತು ಮಾಡದಂತೆ ನೋಡಿಕೊಳ್ಳುವುದೂ ಕರೆದವರ ಹೊಣೆ.

ಹಿಂದಿನ ದಿನ ಮಾಸ್ತರರು ಬಂದು ಕೋಣೆಯಲ್ಲಿ ನಾಲ್ಕು ಸಲ ಓಡಾಡಿದರು. ನನ್ನ ಏರ್ಪಾಡಿನಲ್ಲಿ ಅರ್ಧ ಬದಲಾಯಿಸಿದರು. ನಾನು ಎದುರುಬದುರು ಎರಡು ಸಾಲು ಹಾಕಿದ್ದೆ. ಅವರು ಒಂದೇ ಪಂಕ್ತಿ ಮಾಡಿಸಿದರು, ಎಲ್ಲರ ಬೆನ್ನೂ ಗೋಡೆಗೆ. ತಾಟುಗಳ ಮುಂದೆ ಒಂದು ಮೊಳ ಬಿಟ್ಟು ಜಮಖಾನದ ಅಂಚು ಬರುವಂತೆ ಹಾಸಿಸಿದರು. ಆ ಅಂಚೇ ಅವರ ದಾರಿ. ಬರಿಗಾಲಿನಲ್ಲಿ ಅದನ್ನು ಹಿಡಿದು ಅವರು ನಡೆದದ್ದು ನೋಡಬೇಕಿತ್ತು! ನೋಡಿದ್ದು ಹಿಂದಿನ ದಿನ ಬೆಳಕಿನಲ್ಲಿ ಮಾತ್ರ. ಪ್ರತಿ ತಾಟಿನ ಕೆಳಗೆ ಒದ್ದೆ ಬಟ್ಟೆಯ ತುಂಡು ಹಾಕಿಸಿದರು, ತಾಟು ಜಾರುವುದಿಲ್ಲ. ನೀರಿನ ಲೋಟ ಬಲಕ್ಕೆ ಇಟ್ಟಿದ್ದೆ. "ಬಲಗೈ ತುಂಬ ಎಣ್ಣಿ ಆಗಿರ್ತೈತಿ, ಲೋಟ ಎಡಕ್ಕಿಡು" ಅಂದರು. ಅಷ್ಟರಲ್ಲಿ ಎರಡು ಸಲ ಊಟ ಮಾಡಿಸಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

ತಾಟು ಹೇಗೆ ಜೋಡಿಸಬೇಕು

ತಾಟನ್ನು ಗಡಿಯಾರ ಅಂದುಕೊಳ್ಳಬೇಕು. ಕಣ್ಣು ಕಾಣದವರು ಬಳಸುವ ಹಳೆಯ ಉಪಾಯ ಇದು. ನಿಮ್ಮ ಎದೆಯ ಕಡೆ ಆರು, ಎದುರಿಗೆ ಹನ್ನೆರಡು. ನಾವು ಇಟ್ಟದ್ದು ಹೀಗೆ: ಆರಕ್ಕೆ ರೊಟ್ಟಿ, ಮೂರಕ್ಕೆ ಎಣ್ಣೆಗಾಯಿ, ಹನ್ನೆರಡಕ್ಕೆ ಚಟ್ನಿ ಪುಡಿ, ಒಂಬತ್ತಕ್ಕೆ ಕಡಲೆ ಹಿಟ್ಟಿನ ಜುಣಕ. ಎಲೆಯಲ್ಲಿ ಉಂಡು ಬೆಳೆದವರಿಗೆ ಇದು ಹೊಸದಲ್ಲ. ಉಪ್ಪು ಎಲ್ಲಿ, ಉಪ್ಪಿನಕಾಯಿ ಎಲ್ಲಿ ಎಂದು ನೋಡದೆಯೇ ಕೈ ಹೋಗುತ್ತದೆ. ತಾಟು ಎತ್ತರದ ಅಂಚಿನ ಸ್ಟೀಲಿನದಾಗಿರಲಿ. ಪಿಂಗಾಣಿ, ಗಾಜು ಮುಟ್ಟಲೇಬೇಡಿ.

ತಾಟುಗಳನ್ನು ಹೊರಗೆ ಬೆಳಕಿನಲ್ಲಿ ಜೋಡಿಸಿ ಒಳಗೆ ತರಬೇಕು. ಕತ್ತಲೆಯಲ್ಲಿ ಸೌಟಿನಿಂದ ಬಡಿಸುವುದು ಬೇಡ. ಎರಡನೆಯ ಸಲ ಬಡಿಸುವುದಾದರೆ ರೊಟ್ಟಿ, ಹೋಳಿಗೆ ಇಂಥವು, ಕೈಯಿಂದ ಕೈಗೆ. ಬಡಿಸುವವರು ಪ್ರತಿ ಸಲ ತಮ್ಮ ಹೆಸರು ಹೇಳಿ, ಎಡಗಡೆಯಿಂದಲೇ ಬಂದು, ಹೆಗಲು ಮುಟ್ಟಿ, ಆಮೇಲೆ ಕೊಡಬೇಕು. ಮಾತಿಲ್ಲದೆ ಮುಟ್ಟಿದರೆ ಜನ ಕಿರುಚುತ್ತಾರೆ. ಅತ್ತಿಗೆ ಕಿರುಚಿದಳು.

ನೀರು ಲೋಟದ ಅರ್ಧಕ್ಕಿಂತ ಜಾಸ್ತಿ ಬೇಡ. ಹಾಕಿಕೊಳ್ಳುವಾಗ ತೋರುಬೆರಳ ತುದಿಯನ್ನು ಲೋಟದ ಅಂಚಿನೊಳಗೆ ಇಟ್ಟಿರಿ, ನೀರು ಬೆರಳಿಗೆ ತಾಗಿದೊಡನೆ ನಿಲ್ಲಿಸಿ.

ಏನು ಮಾಡಬೇಕು, ಏನು ಬೇಡ

ಬಣ್ಣಕ್ಕಾಗಿ ಮಾಡುವ ಅಡುಗೆಯನ್ನೆಲ್ಲ ಮರೆತುಬಿಡಿ. ಕೆಂಪಗಾಗಲಿ ಎಂದು ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಆ ಕೆಂಪು ಇಲ್ಲಿ ದಂಡ. ಕಣ್ಣು ನಾಲಿಗೆಯನ್ನು ಎಷ್ಟು ಆಳುತ್ತದೆ ಎಂಬುದಕ್ಕೆ ಫ್ರಾನ್ಸಿನ ಬೋರ್ಡೋದಲ್ಲಿ ನಡೆದ ಒಂದು ಪರೀಕ್ಷೆಯಿದೆ, 2001ರಲ್ಲಿ ಪ್ರಕಟವಾದದ್ದು. ವೈನ್ ಬಗ್ಗೆಯೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ಬಣ್ಣ ಕಾಣದಿದ್ದರೆ ಉಳಿಯುವುದು ವಾಸನೆ, ಸದ್ದು, ಮೈಯ ಗುಣ. ಅದನ್ನು ನೋಡಿ ಅಡುಗೆ ಆರಿಸಿ.

ಸದ್ದಿಗೆ ಕಡಕ್ ಜೋಳದ ರೊಟ್ಟಿ. ಆರು ಜನ ಒಟ್ಟಿಗೆ ಮುರಿದರೆ ಕೋಣೆಯಲ್ಲಿ ಕಟ್ಟಿಗೆ ಒಲೆ ಉರಿದ ಹಾಗೆ ಕೇಳುತ್ತದೆ. ಮೊದಲು ಅದನ್ನೇ ಕೊಡಿ, ಭಯ ಬಿಡುತ್ತದೆ. ಆಮೇಲೆ ಮೆತ್ತನೆಯ ರೊಟ್ಟಿ. ಎಣ್ಣೆಗಾಯಿಗೆ ತೊಟ್ಟು ಕೀಳಬೇಡಿ, ಅದೇ ಹಿಡಿಕೆ. ಚಟ್ನಿ ಪುಡಿಗಳಲ್ಲಿ ಒಂದು ಆಟ ಆಡಬಹುದು. ಶೇಂಗಾ, ಗುರೆಳ್ಳು, ಅಗಸಿ, ಮೂರನ್ನೂ ಚೂರುಚೂರು ಇಟ್ಟು ಯಾವುದು ಯಾವುದು ಹೇಳಿ ಅನ್ನಿ. ಜೀವನವಿಡೀ ತಿಂದವರು ತಪ್ಪು ಹೇಳುತ್ತಾರೆ. ಮೂವತ್ತು ವರ್ಷದಿಂದ ಮನೆಯಲ್ಲಿ ಪುಡಿ ಕುಟ್ಟುತ್ತಿರುವ ಚಿಕ್ಕಮ್ಮ ಅಗಸಿಯನ್ನು ಗುರೆಳ್ಳು ಅಂದು, ಇವತ್ತಿಗೂ ಒಪ್ಪಿಲ್ಲ.

ಅನ್ನ ಸಾರು ಬೇಡ. ಸಾರನ್ನು ಉಗುರುಬೆಚ್ಚಗೆ ಮಾಡಿ ಲೋಟದಲ್ಲಿ ಕುಡಿಯಲು ಕೊಡಿ. ಅನ್ನ ಬೇಕೇ ಬೇಕು ಅನ್ನುವವರಿಗೆ ಗಟ್ಟಿಯಾಗಿ ಕಲಸಿದ ಮೊಸರನ್ನ, ಅದರಲ್ಲಿ ಒಂದು ಹಿಡಿ ದಾಳಿಂಬೆ ಕಾಳು. ಕೊಪ್ಪಳ, ಕುಷ್ಟಗಿ ಕಡೆಯ ದಾಳಿಂಬೆ ಆ ಕಾಲಕ್ಕೆ ಪೇಟೆಯಲ್ಲಿ ಸಿಗುತ್ತದೆ. ತಣ್ಣನೆ ಮೆತ್ತನೆಯ ಅನ್ನದ ನಡುವೆ ಕಾಳು ಟಪ್ಪನೆ ಒಡೆದಾಗ ಎಲ್ಲರೂ ಒಂದು ಕ್ಷಣ ಮಾತು ನಿಲ್ಲಿಸಿದರು. ಇಡೀ ಊಟದಲ್ಲಿ ಅದಕ್ಕೇ ಜಾಸ್ತಿ ಅಂಕ. ಸಿಹಿಗೆ ಶೇಂಗಾ ಹೋಳಿಗೆ, ಸಣ್ಣದು. ಪಾಯಸ ಬೇಡ.

ಮಿರ್ಚಿ ಬಜಿ ಇಡಬೇಕು ಎಂದು ಎಲ್ಲರಿಗೂ ಆಸೆ ಬರುತ್ತದೆ. ಇಡಬೇಡಿ. ಕತ್ತಲೆಯಲ್ಲಿ ಜನ ಗೊತ್ತಿಲ್ಲದೆ ಕಣ್ಣು ಉಜ್ಜಿಕೊಳ್ಳುತ್ತಾರೆ, ಕಣ್ಣು ತೆರೆದಿದೆಯೋ ಮುಚ್ಚಿದೆಯೋ ನೋಡಲು. ಮೆಣಸಿನಕಾಯಿ ಹಿಡಿದ ಬೆರಳು ಕಣ್ಣಿಗೆ ಹೋದರೆ ಊಟ ಅಲ್ಲಿಗೆ ಮುಗಿಯಿತು. ಮೀನು, ಮೂಳೆ ಇರುವ ಕೋಳಿ, ಬೀಜ ತೆಗೆಯದ ಬಾರೆಹಣ್ಣು ಯಾವುದೂ ಬೇಡ. ಬಾಯಿ ಸುಡುವಷ್ಟು ಬಿಸಿ ಇರಬಾರದು.

ಕರೆಯುವಾಗಲೇ ಒಬ್ಬೊಬ್ಬರನ್ನೂ ಕೇಳಿ: ಏನು ಆಗಿಬರುವುದಿಲ್ಲ? ಮುಖ್ಯವಾಗಿ ಶೇಂಗಾ. ನಮ್ಮ ಅಡುಗೆಯಲ್ಲಿ ಅದು ಕಾಣದ ಜಾಗದಲ್ಲೆಲ್ಲ ಇರುತ್ತದೆ. ಸಕ್ಕರೆ ಕಾಯಿಲೆಯವರು ಮಾತ್ರೆ, ಇಂಜೆಕ್ಷನ್ನು ಬೆಳಕಿನಲ್ಲೇ ಮುಗಿಸಿ ಬರಲಿ. ಮುಚ್ಚಿದ ಜಾಗಕ್ಕೆ ಹೆದರುವವರನ್ನು ಒತ್ತಾಯ ಮಾಡಬೇಡಿ. ತೀರಾ ಸಣ್ಣ ಮಕ್ಕಳು ಬೇಡ. ಮೊಣಕಾಲು ನೋವಿನವರಿಗೆ ಪಂಕ್ತಿಯ ತುದಿಯಲ್ಲಿ ಕುರ್ಚಿ ಮತ್ತು ಸಣ್ಣ ಮೇಜು ಕೊಡಿ. ಕೋಣೆಯೊಳಗೆ ಊದುಬತ್ತಿ, ಕೆಂಡ ಏನೂ ಇರಬಾರದು. ಫ್ಯಾನು ಸಣ್ಣಗೆ ತಿರುಗುತ್ತಿರಲಿ.

ಆ ರಾತ್ರಿ

ಏಳೂವರೆಗೆ ಎಲ್ಲರೂ ಬರಲಿ. ಫೋನು, ವಾಚು ಒಂದು ಬುಟ್ಟಿಗೆ. ಕೈಗೆ ಕಟ್ಟುವ ಸ್ಮಾರ್ಟ್ ವಾಚನ್ನು ಕೊಡಲು ಜನ ಒಪ್ಪುವುದಿಲ್ಲ, "ಆಫ್ ಮಾಡ್ತೀನಿ" ಅನ್ನುತ್ತಾರೆ. ಬಿಡಬೇಡಿ, ಕೈ ಎತ್ತಿದ ಕೂಡಲೇ ಅದು ಹತ್ತುತ್ತದೆ. ಬಾತ್‌ರೂಮು ಮುಗಿಸಲಿ, ಕೈ ತೊಳೆಯಲಿ. ಗಡಿಯಾರದ ಲೆಕ್ಕವನ್ನು ಖಾಲಿ ತಾಟಿನ ಮೇಲೆ ಬೆಳಕಿನಲ್ಲಿ ಒಮ್ಮೆ ತೋರಿಸಿ. ಒಂದು ಸಂಕೇತದ ಮಾತು ಇಟ್ಟುಕೊಳ್ಳಿ. ನಮ್ಮದು "ಬೆಳಕು". ಯಾರು ಅದನ್ನು ಕೂಗಿದರೂ, ತಮಾಷೆಗೇ ಕೂಗಿದರೂ, ಹೊರಗಿದ್ದವರು ಕೂಡಲೇ ಬ್ಯಾಟರಿ ಹಿಡಿದು ಬರಬೇಕು. ಅವ್ವ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಳೆಂದರೆ, ಒಳಗೆ ಯಾರೋ ಕೆಮ್ಮಿದ್ದಕ್ಕೂ "ಬರ್ಲೇನು?" ಎಂದು ಕೂಗಿದಳು.

ಹೆಗಲು ಹಿಡಿದು ಒಬ್ಬರ ಹಿಂದೆ ಒಬ್ಬರು ಒಳಗೆ ಹೋಗಿ. ಕೂತ ಮೇಲೆ ಐದು ನಿಮಿಷ ತಾಟು ತರಬೇಡಿ. ಗೋಡೆ ಮುಟ್ಟಲಿ, ಪಕ್ಕದಲ್ಲಿ ಯಾರು ಎಂದು ದನಿಯಿಂದ ತಿಳಿಯಲಿ. ಎಲ್ಲರೂ ಜೋರಾಗಿ ಮಾತಾಡಲು ಶುರು ಮಾಡುತ್ತಾರೆ. ಮಾಸ್ತರರು ಒಂದೇ ಮಾತಿನಲ್ಲಿ ತಗ್ಗಿಸಿದರು: "ಕರೆಂಟ್ ಅಷ್ಟ ಹೋಗೇತ್ರಿ, ಕಿವಿ ಹೋಗಿಲ್ಲ." ಇನ್ನೊಂದು, ಕತ್ತಲೆಯಲ್ಲಿ ತಲೆಯಾಡಿಸಿದರೆ ಉತ್ತರ ಕೊಟ್ಟಂತೆ ಆಗುವುದಿಲ್ಲ. ಹೂಂ, ಊಹೂಂ ಬಾಯಿಬಿಟ್ಟು ಹೇಳಬೇಕು. ಇದು ರೂಢಿಗೆ ಬರಲು ಕಾಲು ತಾಸು ಬೇಕು.

ಬಡಿಸುವ ಪ್ರಮಾಣ ಕಡಿಮೆ ಇರಲಿ. ತಾಟು ಖಾಲಿಯಾಯಿತೋ ಇಲ್ಲವೋ ತಿಳಿಯದೆ ಜನ ಬರಿ ತಾಟನ್ನು ತಡವುತ್ತಾ ಕೂರುತ್ತಾರೆ, ಇಲ್ಲವೇ ಅರ್ಧ ಬಿಟ್ಟು ಮುಗಿಯಿತು ಅನ್ನುತ್ತಾರೆ. ಮುಕ್ಕಾಲು ತಾಸು ಸಾಕು. ಅದಕ್ಕಿಂತ ಎಳೆದರೆ ಆಕಳಿಕೆ ಶುರುವಾಗುತ್ತದೆ.

ಮುಗಿಯುವ ಹೊತ್ತಿಗೆ ದೊಡ್ಡಪ್ಪ ಭಾವುಕರಾಗಿ, "ಮಾಸ್ತರ, ನಿಮ್ಮ ಕಷ್ಟ ಇವತ್ತ ತಿಳೀತ್ರಿ" ಅಂದರು. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಇಲ್ರಿ ಅಪ್ಪಾರ. ನೀವು ಮುಕ್ಕಾಲು ತಾಸು ಕತ್ತಲಾಗ ಕುಂತ್ರಿ, ಅಷ್ಟ. ನನಗ ಇಲ್ಲಿ ಕಷ್ಟ ಏನೂ ಆಗ್ಲಿಲ್ಲ. ಕಷ್ಟ ಆಗೋದು ಬಸ್ ಸ್ಟ್ಯಾಂಡಿನ್ಯಾಗ." ಕಣ್ಣು ಕಾಣದವರೆಲ್ಲರಿಗೂ ಕಾಣುವುದು ಕಪ್ಪು ಕತ್ತಲೆಯೇ ಅಂದುಕೊಳ್ಳುವುದೂ ತಪ್ಪು. ಅವರಲ್ಲಿ ಬಹಳ ಜನರಿಗೆ ಬೆಳಕಿನ ಸುಳಿವಾದರೂ ಇರುತ್ತದೆ. ಆದ್ದರಿಂದ ಕರೆಯುವಾಗ "ಕುರುಡರ ಬದುಕು ಹೇಗಿರುತ್ತೆ ನೋಡೋಣ ಬನ್ನಿ" ಎಂದು ಕರೆಯಬೇಡಿ. ಊಟಕ್ಕೆ ಬನ್ನಿ ಅನ್ನಿ, ಸಾಕು.

ಬೆಳಕು ತರುವುದು, ಗುಡಿಸುವುದು

ಟ್ಯೂಬ್‌ಲೈಟ್ ಫಟ್ಟನೆ ಹಾಕಬೇಡಿ, ಕಣ್ಣು ನೋಯುತ್ತದೆ. ಮೊದಲು ಹೊರಗಿನ ಕೌದಿ ತೆಗೆಯಿರಿ, ಒಂದು ನಿಮಿಷ ಬಿಟ್ಟು ಒಳಗಿನದು, ಆಮೇಲೆ ಪಕ್ಕದ ಕೋಣೆಯ ದೀಪ, ಕೊನೆಗೆ ಇಲ್ಲಿಯದು. ಯಾರೂ ತಾಟು ಎತ್ತುವ ಮುಂಚೆ ಎಲ್ಲರೂ ಎಲ್ಲರ ತಾಟು ನೋಡಲಿ. ಸಂಜೆಯ ನಗುವೆಲ್ಲ ಇರುವುದು ಅಲ್ಲೇ. ಮಾಸ್ತರರು ಕೊನೆಗೆ ಬೆಳಕಿನಲ್ಲಿ ನಮ್ಮ ಜೊತೆ ಕೂತು ಉಂಡರು, ಅತ್ಯಂತ ಚೊಕ್ಕ ತಾಟು ಅವರದೇ ಎಂದು ಹೇಳಬೇಕಿಲ್ಲ.

ಅವತ್ತೇ ರಾತ್ರಿ ಗುಡಿಸಿ. ಕತ್ತಲೆಯಲ್ಲಿ ಬಿದ್ದ ಅಗುಳು ಎಲ್ಲಿ ಹೋಗಿರುತ್ತದೆ ಎಂದು ಊಹಿಸಲು ಆಗುವುದಿಲ್ಲ. ಗೋಡೆಯ ಬುಡ, ಜಮಖಾನದ ಮಡಿಕೆ, ಕೌದಿಯ ಅಂಚು ಎಲ್ಲ ಕೊಡವಿ. ನಾವು ಬೆಳಿಗ್ಗೆ ಮಾಡೋಣ ಎಂದು ಮಲಗಿ, ಎದ್ದಾಗ ದಾಳಿಂಬೆ ಕಾಳಿನ ಹಿಂದೆ ಇರುವೆಗಳದ್ದೇ ಒಂದು ಪಂಕ್ತಿ ಕೂತಿತ್ತು. ಟೇಪನ್ನು ನಿಧಾನವಾಗಿ, ಗೋಡೆಗೆ ಒರಗಿಸಿಯೇ ಎಳೆಯಿರಿ. ಮಲ್ಚಿಂಗ್ ಶೀಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸುತ್ತಿಡಿ. ನಮ್ಮದನ್ನು ಮಾವ ಆಗಲೇ ಎರಡು ಸಲ ಫೋನ್ ಮಾಡಿ ವಾಪಸ್ ಕೇಳಿದ್ದಾರೆ, ಕಲ್ಲಂಗಡಿ ಹಾಕುವ ಹೊತ್ತು.